ನಾಲ್ಕು ತಾಲೂಕು ಕಾಣುವ ತೊಟ್ಟಿಲು

ನಮ್ಮತ್ತೆಗೆ ಕೋಪ ಬರುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಶುದ್ಧ ಸುಳ್ಳು. ಕೋಪ ಬರಬೇಕಾದರೆ ಅದು ಮೊದಲು ಎಲ್ಲಿಗಾದರೂ ಹೋಗಿರಬೇಕಲ್ಲ! ಅದು ಅವಳನ್ನು ಬಿಟ್ಟು ಅತ್ತಿತ್ತ ಹೋದದ್ದನ್ನು ನಾನಂತೂ ಕಂಡಿಲ್ಲ. ನಾವೆಲ್ಲ ಬೆಳಿಗ್ಗೆ ಕಣ್ಣುಜ್ಜಿಕೊಂಡು ಏಳುತ್ತೇವೆ, ನಮ್ಮತ್ತೆ ಬೈದುಕೊಂಡು ಏಳುತ್ತಿದ್ದಳು. ಹುಂಜ ಕೂಗಿದರೆ "ಇದಕ್ಕೊಂದು ಮಾಡಾಕೆ ಕೆಲ್ಸ ಇಲ್ಲ" ಅನ್ನುವಳು. ಕೂಗದಿದ್ದರೆ "ಇದಕ್ಕೇನು ಬಂತು ದೊಡ್ಡರೋಗ" ಅನ್ನುವಳು. ಹುಂಜ ತಾನೇ ಏನು ಮಾಡೀತು, ಪಾಪ!

ಎಪ್ಪತ್ತರ ದಶಕದ ಮಾತು. ನನಗೆ ಧರ್ಮಪುರದ ಹತ್ತಿರದ ಒಂದು ಹಳ್ಳಿಯ ಪ್ರೈಮರಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಅದೇ ಹಳ್ಳಿಗೆ ನಮ್ಮಪ್ಪನ ಅಕ್ಕನನ್ನು ಕೊಟ್ಟಿತ್ತು. ಅಪ್ಪ ನನ್ನನ್ನೂ ನನ್ನ ಟ್ರಂಕನ್ನೂ ಅವಳ ಮನೆಯಲ್ಲಿ ಇಳಿಸಿ, "ನಿಮ್ಮತ್ತೆ ಮನಸ್ಸು ಬಂಗಾರ ಕಣವ್ವ" ಎಂದು ಹೇಳಿ, ನೀರೂ ಕುಡಿಯದೆ ಅದೇ ಬಸ್ಸು ಹತ್ತಿ ಹೊರಟುಬಿಟ್ಟ. ಅಷ್ಟು ಅವಸರ ಯಾಕಿತ್ತು ಅನ್ನುವುದು ನನಗೆ ಸಂಜೆಯೊಳಗೆ ತಿಳಿಯಿತು.

ಹಿರಿಯೂರಿಗೆ ಹೋಗುವ ಬಸ್ಸು ದಿನಾ ತಡ. ಅತ್ತೆ ದಿನಾ ಬೈಯುವಳು. ಒಂದು ದಿನ, ಅದೇನು ಗ್ರಹಚಾರವೋ, ಬಸ್ಸು ಹೊತ್ತಿಗೆ ಸರಿಯಾಗಿ ಬಂದುಬಿಟ್ಟಿತು. ಅತ್ತೆಗೆ ಇನ್ನೂ ತಲೆ ಬಾಚಿ ಆಗಿಲ್ಲ. ಬಾಚಣಿಗೆ ಕೈಯಲ್ಲೇ ಹಿಡಿದು ಓಡಿಹೋಗಿ ಬಸ್ಸು ಹತ್ತಿ, ಕಂಡಕ್ಟರನ ಮುಖಕ್ಕೇ ಕೇಳಿದಳು: "ಏನಪ್ಪ, ಇಷ್ಟು ವರ್ಷ ತಡ ಮಾಡ್ಕಂಡು ಬಂದು ನಮ್ಮನ್ನ ನಂಬಿಸಿ, ಇವತ್ತು ಟೈಮಿಗೆ ಬಂದು ಕುತ್ತಿಗೆ ಕೊಯ್ತೀಯಾ? ನಾಚ್ಕೆ ಆಗಲ್ವಾ?" ಕಂಡಕ್ಟರ್ ತಲೆ ತಗ್ಗಿಸಿ, "ತಪ್ಪಾತು ಕಣಮ್ಮ, ಇನ್ನೊಂದ್ಸಲ ಹಿಂಗೆ ಮಾಡಲ್ಲ" ಎಂದ. ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಮ, ಮಾರನೇ ದಿನದಿಂದ ಮತ್ತೆ ತಡವಾಗಿಯೇ ಬಂದ.

ದೇವರನ್ನಾದರೂ ಬಿಟ್ಟಳೇ? ಗುಡಿಯಲ್ಲಿ ಕೈಮುಗಿದು ನಿಂತು ಎಲ್ಲರಿಗೂ ಕೇಳುವ ಹಾಗೆ, "ಹೋದ ವರ್ಷ ಕೇಳಿದ್ದೇ ಇನ್ನೂ ಕೊಟ್ಟಿಲ್ಲ, ಈಗ ಮತ್ತೇನು ಕೇಳಾಣ? ಕಾಯಿ ಮಾತ್ರ ತಪ್ಪದಂಗೆ ಒಡಿಸ್ಕಂತೀಯ" ಎಂದು ದಬಾಯಿಸುತ್ತಿದ್ದಳು. ಪೂಜಾರಿ ಅವಸರ ಅವಸರವಾಗಿ ಪ್ರಸಾದ ಕೊಟ್ಟು ಸಾಗಹಾಕುತ್ತಿದ್ದ.

ಈ ಬೆಂಕಿಯ ಮುಂದೆ ಮೂವತ್ತು ವರ್ಷ ತಣ್ಣಗೆ ಕೂತಿದ್ದವನೆಂದರೆ ನಮ್ಮ ಮಾವ ಒಬ್ಬನೇ. ಕುರಿ ಕಾಯುವ ಮನುಷ್ಯ. ಮಾತು ಅವನಿಗೆ ಹಬ್ಬದ ಅಡುಗೆ, ದಿನಾ ಮಾಡುವುದಲ್ಲ. ಅತ್ತೆ ಒಂದು ಗಂಟೆ ಬೈದರೆ ಕೊನೆಗೆ "ಹೂಂ" ಅನ್ನುವನು. "ಏನು ಹೂಂ?" ಎಂದು ಅವಳು ಇನ್ನೊಂದು ಗಂಟೆ ಬೈಯುವಳು. "ಹೂಂ." ಹೀಗೆ ಅವರ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಮಾವ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಕುರಿಮಂದೆ ಹೊಡೆದುಕೊಂಡು ಹೊಳಲ್ಕೆರೆ ಕಡೆಗೆ ಹೋಗುತ್ತಿದ್ದ. ಅಲ್ಲಿ ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರೈತರು ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಇವತ್ತು ಈ ಗದ್ದೆ, ನಾಳೆ ಆ ಗದ್ದೆ. ಮನೆ ಮುಖ ಕಾಣುವುದು ಯುಗಾದಿಗೇ. ಆ ವರ್ಷ ಅತ್ತೆ ಮಳೆಗಾಲವೆಲ್ಲ ಕೂತು ನಮ್ಮ ಕುರಿಗಳ ಉಣ್ಣೆಯನ್ನೇ ನೂತು, ಮಗ್ಗದವರ ಹತ್ತಿರ ಜಗಳ ಆಡಿ ಆಡಿ, ಮಾವನಿಗೊಂದು ಕರಿ ಕಂಬಳಿ ನೇಯಿಸಿದ್ದಳು. ಹೊರಡುವ ಹಿಂದಿನ ದಿನ ತಾನೇ ಅವನ ಹೆಗಲಿಗೆ ಹೊದಿಸಿ ಎದುರಿಗೆ ನಿಂತಳು. ಮಾವ ಭುಜ ಕುಣಿಸಿದ. ಒಂದೇ ಒಂದು ಮಾತು ಆಡಿದ.

"ಚುಚ್ಚುತೈತೆ."

ಅಯ್ಯೋ, ಆ ಒಂದು ಮಾತು ಆಡುವ ಬದಲು ಎಂದಿನ ಹಾಗೆ "ಹೂಂ" ಎಂದಿದ್ದರೆ ಏನು ಗಂಟು ಹೋಗುತ್ತಿತ್ತು ಇವನಿಗೆ! "ಚುಚ್ಚುತೈತಾ? ಮೂವತ್ತು ವರ್ಷದಿಂದ ನೀನು ನನಗೆ ಚುಚ್ಚುತಿದ್ದೀಯಲ್ಲ, ನಾನೇನಾದ್ರೂ ಬಿಚ್ಚಿ ಬಿಸಾಕಿದ್ನಾ? ಹೋಗು, ಆ ಹರಕನ್ನೇ ಹೊದ್ಕಂಡು ಸಾಯಿ!" ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಮಾವ ಮಂದೆಯ ಜೊತೆ ಹೊರಟುಹೋಗಿದ್ದ. ಹರಕು ಕಂಬಳಿಯನ್ನೇ ಹೊದ್ದುಕೊಂಡು ಹೋಗಿದ್ದ. ಹೊಸದನ್ನು ಅಂದವಾಗಿ ಮಡಿಸಿ ಜಗುಲಿಯ ಮೇಲಿಟ್ಟಿದ್ದ. ಅತ್ತೆ ಅದನ್ನು ಎತ್ತಿಕೊಂಡು ಒಳಗೆ ಹೋದಳು.

ಅವತ್ತಿನಿಂದ ಮಾವನ ಪಾಲಿನ ಬೈಗುಳವೆಲ್ಲ ಊರಿಗೆ ಹಂಚಿಹೋಯಿತು. ನನಗೆ ಸಿಕ್ಕಿದ ಪಾಲು ಏನೂ ಕಡಿಮೆಯಲ್ಲ! ಶೇಂಗಾ ಲಾರಿಯ ಡ್ರೈವರ್ ಒಬ್ಬ, "ನಿಮ್ಮ ಮಂದೆ ಭೀಮಸಮುದ್ರದ ಹತ್ರ ಐತೆ ಕಣಮ್ಮ, ಕಂಡೆ" ಎಂದು ಸುದ್ದಿ ತಂದಾಗ, "ಕುರಿ ಹೆಂಗವೆ?" ಎಂದು ಕೇಳಿದಳೇ ಹೊರತು ಕಾಯುವವನ ಸುದ್ದಿ ಎತ್ತಲಿಲ್ಲ. ಚಳಿ ಆ ವರ್ಷ ಕಚ್ಚಿ ಹಿಡಿದಿತ್ತು.

ಅಂಥದರಲ್ಲಿ ಊರಿಗೆ ಬಂತು ನೋಡಿ, ಮೈಕು ಕಟ್ಟಿದ ಜೀಪು!

"ಸಂಕ್ರಾಂತಿ ವಿಶೇಷ! ದುರ್ಗದಲ್ಲಿ ಭಾರೀ ವಸ್ತುಪ್ರದರ್ಶನ! ಮೀನಕನ್ಯೆ! ಮರಣಬಾವಿ! ಆಕಾಶದೆತ್ತರದ ರಾಟೆ ತೊಟ್ಟಿಲು! ಹತ್ತಿ ಕೂತರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕು ತಾಲೂಕೂ ಅಂಗೈ ಮೇಲೆ ಕಾಣುತ್ತದೆ! ಎಲ್ಲಕ್ಕೂ ಒಂದೇ ಟಿಕೆಟ್! ಒಂದೇ ಟಿಕೆಟ್!"

ಅತ್ತೆ ರಾಗಿ ಕೇರುತ್ತಿದ್ದ ಮೊರ ಹಿಡಿದುಕೊಂಡೇ ಹೋಗಿ ಜೀಪಿಗೆ ಅಡ್ಡ ನಿಂತಳು. "ಲೇ, ಹೊಳಲ್ಕೆರೆ ದಿಟವಾಗಿ ಕಾಣುತೈತಾ? ಭೀಮಸಮುದ್ರ?"

ಮೈಕಿನವನಿಗೆ ಉತ್ಸಾಹ ಉಕ್ಕಿತು. "ಭೀಮಸಮುದ್ರದ ಕೆರೆಯಲ್ಲಿರೋ ಮೀನು ಕಾಣುತ್ತಮ್ಮಾ!"

"ಮೀನು ಕಟ್ಕಂಡು ನನಗೇನು? ಕುರಿ ಕಾಣ್ತಾವಾ?"

"ಕುರಿ ಏನು ಬಂತು, ಕಾಯೋನ ಮೀಸೆ ಕೂಡ ಕಾಣುತ್ತೆ!"

ಮುಗಿಯಿತು. ಅವತ್ತಿನಿಂದ ಅವಳದು ಒಂದೇ ಜಪ, ತೊಟ್ಟಿಲು ಹತ್ತಬೇಕು. ನಾನು ಟೀಚರಲ್ಲವೇ, ಸುಮ್ಮನಿರಲಾರದೆ, "ಅತ್ತೆ, ಅಷ್ಟು ದೂರ ಯಾರ ಕಣ್ಣಿಗೂ ಕಾಣಲ್ಲ" ಎಂದೆ.

"ನೀನು ಹತ್ತಿದ್ಯಾ?"

"ಇಲ್ಲ."

"ಮತ್ತೆ ಬಾಯಿ ಮುಚ್ಕಂಡು ಕುಂತ್ಕ, ಟೀಚರಮ್ಮ. ಆ ಮುದುಕ ಹಾಡಹಗಲೇ ಮರದ ಕೆಳಗೆ ಬಿದ್ಕಂಡು ನಿದ್ದೆ ಹೊಡೀತಿರ್ತಾನೆ. ಕಣ್ಣಾರೆ ನೋಡ್ಬೇಕು ನಾನು. ಯುಗಾದಿಗೆ ಬರಲಿ, ಮುಖಕ್ಕೆ ಹೇಳ್ತೀನಿ."

ಸಂಕ್ರಾಂತಿಯ ದಿನ ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊರಟೆವು. ಅತ್ತೆಯ ಹೆಗಲ ಮೇಲೆ ಆ ಹೊಸ ಕಂಬಳಿ. ಬಿಸಿಲು ಚುರುಗುಟ್ಟುತ್ತಿದೆ, ಇದ್ಯಾಕೆ ಎಂದೆ. "ಬರೋವಾಗ ಚಳಿ ಆದ್ರೆ ನೀನು ಹೊದಿಸ್ತೀಯಾ?" ಎಂದು ಬಾಯಿ ಮುಚ್ಚಿಸಿದಳು.

ಆ ಪ್ರದರ್ಶನವನ್ನು ಈಗ ನೆನೆದರೂ ನನಗೆ ಮೈಯೆಲ್ಲ ಉರಿಯುತ್ತದೆ. ಅತ್ತೆಯ ಕೋಪದ ಕತೆ ಹೇಳಲು ಕೂತು ನಾನೇ ಕೂಗಾಡುತ್ತಿದ್ದೇನೆ ಅನ್ನಬೇಡಿ, ನೀವೂ ಅಲ್ಲಿದ್ದರೆ ಕೂಗಾಡುತ್ತಿದ್ದಿರಿ! ಒಳಗೆ ಹೋಗುವುದಕ್ಕೂ ಒಂದೇ ಬಾಗಿಲು, ಹೊರಗೆ ಬರುವುದಕ್ಕೂ ಅದೇ ಬಾಗಿಲು. ಯಾವ ಮಹಾನುಭಾವ ಈ ಯೋಚನೆ ಮಾಡಿದನೋ, ಅವನನ್ನು ಹಬ್ಬದ ದಿನ ಆ ಬಾಗಿಲಲ್ಲೇ ಕಟ್ಟಿಹಾಕಬೇಕಿತ್ತು. ಟಿಕೆಟ್ ಕೊಡುವ ಕಿಂಡಿಯೋ, ಒಂದು ಮುಷ್ಟಿ ತೂರುವಷ್ಟು. ಅದಕ್ಕೆ ನೂರು ಕೈ. ನನ್ನ ಕೈ ಬಳೆ ತೊಟ್ಟುಕೊಂಡು ಒಳಗೆ ಹೋಯಿತು, ಟಿಕೆಟ್ ಹಿಡಿದುಕೊಂಡು ಬರಿದಾಗಿ ಹೊರಗೆ ಬಂತು. ಚಪ್ಪಲಿ ಒಂದು ಕಾಲಿನದು ಹೋಯಿತು. ಮೈಕು ಮಾತ್ರ "ದಯವಿಟ್ಟು ನೂಕಬೇಡಿ, ನೂಕಬೇಡಿ" ಅನ್ನುತ್ತಲೇ ಇತ್ತು. ಅಲ್ರೀ, ನೂಕಬೇಕಾದರೂ ಕೈ ಆಡಿಸುವಷ್ಟು ಜಾಗ ಬೇಡವೇ! ಅತ್ತ ಟಿಕೆಟ್ ಮಾರುವುದನ್ನು ನಿಲ್ಲಿಸಿರಯ್ಯ ಎಂದರೆ ಕೇಳುವವರಿಲ್ಲ.

ಇನ್ನು ಆ ಒಂದೇ ಟಿಕೆಟ್ಟಿನ ಮಹಿಮೆ! ಒಳಗೆ ಹೋದ ಮೇಲೆ ಗೊತ್ತಾಯಿತು, ಆ ಟಿಕೆಟ್ಟಿಗೆ ಎಲ್ಲ ಡೇರೆಗಳನ್ನೂ ಹೊರಗಿನಿಂದ ನೋಡಬಹುದಂತೆ. ಒಳಗಿರುವುದನ್ನು ನೋಡಲು ಬೇರೆ ಬೇರೆ ಟಿಕೆಟ್ಟಂತೆ. "ಇದು ಮೋಸ ಅಲ್ವೇನ್ರೀ?" ಎಂದು ನಾನು ಕಿಂಡಿಯವನನ್ನು ತರಾಟೆಗೆ ತೆಗೆದುಕೊಂಡೆ. "ಬೋರ್ಡು ಓದಿಲ್ವಾ ಮೇಡಂ?" ಎಂದ. ಬೋರ್ಡು ಇತ್ತು, ಇಲ್ಲ ಅನ್ನುವುದಿಲ್ಲ. ಅದರ ಮೇಲೆ ಅವನ ಬನಿಯನ್ ಒಣಗುತ್ತಿತ್ತು.

ನಾವು ತೊಟ್ಟಿಲಿಗೆ ಬೇರೆ ಟಿಕೆಟ್ ತೆಗೆದುಕೊಂಡು ಅದರ ಕಡೆ ಹೊರಟೆವು, ಜನ ನಮ್ಮನ್ನು ಮೀನಕನ್ಯೆಯ ಡೇರೆಯೊಳಕ್ಕೆ ಹೊತ್ತೊಯ್ದರು. ಹೋಗಬೇಕೆಂದು ಹೋದದ್ದಲ್ಲ, ಕಾಲು ನೆಲ ಮುಟ್ಟಿದ್ದರೆ ತಾನೇ! ಗಾಜಿನ ಪೆಟ್ಟಿಗೆಯ ಹಿಂದೆ ಸೊಂಟದಿಂದ ಕೆಳಗೆ ಬಟ್ಟೆಯ ಬಾಲ ಹೊಲಿಸಿಕೊಂಡ ಒಂದು ಹುಡುಗಿ ಬಾಡಿದ ಮುಖ ಮಾಡಿಕೊಂಡು ಮಲಗಿತ್ತು. ಎಲ್ಲರೂ ಬಾಲ ನೋಡಿದರು. ಅತ್ತೆ ಮುಖ ನೋಡಿದಳು.

"ಯಾರ ಮಗಳೇ ನೀನು? ಉಂಡ್ಯಾ?"

ಮೀನಕನ್ಯೆ ಬೆದರಿ ಅತ್ತಿತ್ತ ನೋಡಿ, "ಇನ್ನೂ ಇಲ್ಲಮ್ಮ" ಎಂದಳು.

ಅತ್ತೆ ಡೇರೆಯವನ ಕಡೆ ತಿರುಗಿದಳು. "ಲೇ, ಮೀನೇ ಆಗಿರಲಿ, ಹಬ್ಬದ ದಿನ ಒಂದು ತುತ್ತು ಹಾಕ್ಬೇಕೋ ಬ್ಯಾಡ್ವೋ? ನಿಮ್ಮ ಮನ್ಯಾಗೆ ಹೆಣ್ಣುಮಕ್ಕಳು ಇಲ್ವೇನೋ?" ಗಾಜಿನ ಮೇಲಿಂದ ನಮ್ಮ ರೊಟ್ಟಿಯ ಗಂಟು ಪೂರ್ತಿ ಒಳಗಿಳಿಯಿತು. ಎಷ್ಟೋ ಜನ ಮೀನಕನ್ಯೆಯನ್ನು ನೋಡಿದ್ದಾರು, ಮೀನಕನ್ಯೆ ಸಜ್ಜೆ ರೊಟ್ಟಿ ತಿನ್ನುವುದನ್ನು ನೋಡಿದವರು ನಾವೇ ಇರಬೇಕು. ನನ್ನ ಹೊಟ್ಟೆ ಮಾತ್ರ ಸಂಜೆಯ ತನಕ ತಾಳ ಹಾಕಿತು.

ಕೊನೆಗೂ ತೊಟ್ಟಿಲಿನ ಬುಡಕ್ಕೆ ಬಂದೆವು. ಎರಡೂ ಕಡೆ ಬಿದಿರು ಕಟ್ಟಿ ಒಂದಾಳು ನಡೆಯುವಷ್ಟು ದಾರಿ ಮಾಡಿದ್ದರು. ಅದರಲ್ಲಿ ನಾವು ನಿಂತೆವು, ನಿಂತೆವು, ನಿಂತೇ ಇದ್ದೆವು. ಕುತ್ತಿಗೆಗೆ ಸೀಟಿ ಕಟ್ಟಿಕೊಂಡ, ಟೆರಿಲಿನ್ ಅಂಗಿಯ ಮ್ಯಾನೇಜರ್ ಒಬ್ಬ ಮುಂದೆ ನಿಂತಿದ್ದ. ಬೇರೆ ಸೀಮೆಯವನು. ನಮ್ಮ ಸಾಲು ಒಂದು ಹೆಜ್ಜೆ ಮುಂದೆ ಹೋಗುವಷ್ಟರಲ್ಲಿ ಪಕ್ಕದಿಂದ ಯಾರೋ ಇಸ್ತ್ರಿ ಪಂಚೆಯವರು ಬರುತ್ತಾರೆ, "ಆಫೀಸಿನವರ ಕಡೆಯೋರು" ಎಂದು ಅವನ ಕಿವಿಯಲ್ಲಿ ಹೇಳುತ್ತಾರೆ, ಮಕ್ಕಳುಮರಿ ಸಮೇತ ಹತ್ತಿ ಕೂರುತ್ತಾರೆ. ಆಮೇಲೆ ಸಾಹುಕಾರರ ಕಡೆಯವರು. ಆಮೇಲೆ ಅವರ ಕಡೆಯವರ ಕಡೆಯವರು! ನಾವು ಯಾರ ಕಡೆಯವರೂ ಅಲ್ಲ, ಹಾಗಾಗಿ ಬಿದಿರಿನ ಕಡೆಯಲ್ಲೇ ಉಳಿದೆವು.

ಅತ್ತೆ ತೊಟ್ಟಿಲನ್ನು ನೋಡುವಳು, ಸೂರ್ಯನನ್ನು ನೋಡುವಳು. "ಹೊತ್ತು ಮುಳುಗಿದ ಮ್ಯಾಲೆ ಹತ್ತಿ ಏನು ಕಾಣಾಕೆ ಆಗ್ತದೆ? ಕುರಿ ಕರಿಯವು ಬೇರೆ!" ಎಂದು ಹಲ್ಲು ಕಡಿಯುವಳು. ನಮ್ಮ ಮುಂದೆ ಇನ್ನೊಂದೇ ಸಂಸಾರ ಉಳಿದಿತ್ತು, ಅಷ್ಟರಲ್ಲಿ ಇಂಜಿನ್ನು ಗೊರಗೊರ ಅಂದು ನಿಂತುಹೋಯಿತು. ಬೆಲ್ಟು ಕಿತ್ತಿತ್ತಂತೆ. ಆ ಮುಂದಿನ ಸಂಸಾರ ಬೇಸತ್ತು ಬಿದಿರು ನುಸುಳಿ ಹೊರಟುಹೋಯಿತು. ಅತ್ತ ಕಿಂಡಿಯಲ್ಲಿ ಟಿಕೆಟ್ ಮಾರಾಟ ನಿಂತಿತೇ? ಎಲ್ಲಿಯ ಮಾತು! ಮೈಕು "ಆಕಾಶದೆತ್ತರದ ತೊಟ್ಟಿಲು, ಬನ್ನಿ ಬನ್ನಿ" ಎಂದು ಕೂಗುತ್ತಲೇ ಇತ್ತು.

ಅತ್ತೆಯ ಕಣ್ಣು ಕೆಂಪಾಯಿತು. ಹೆಗಲ ಮೇಲಿದ್ದ ಕಂಬಳಿಯನ್ನು ಎಳೆದು ಫಟ್ಟನೆ ಕೊಡವಿ, ಬಿದಿರಿನಿಂದ ಬಿದಿರಿಗೆ ದಾರಿಗೆ ಅಡ್ಡಲಾಗಿ ಹಾಸಿಬಿಟ್ಟಳು.

"ಬಾರಯ್ಯ ಸೀಟಿಯೋನೆ! ಇದರ ಮ್ಯಾಲೆ ಕುಂತ್ಕಂಡು ಹೇಳು. ಎಷ್ಟು ಟಿಕೀಟು ಮಾರ್ದಿ, ಎಷ್ಟು ಕಳ್ಳರನ್ನ ಪಕ್ಕದಿಂದ ಹತ್ತಿಸಿದಿ? ಬಾ, ನ್ಯಾಯ ಆಗ್ಲಿ!"

ಕೆಟ್ಟೆವು ಎಂದುಕೊಂಡೆ ನಾನು. ಯಾಕೆಂದರೆ ಕುರಿ ಕಾಯುವ ನಮ್ಮ ಜನರಲ್ಲಿ ಕಂಬಳಿ ಹಾಸುವುದು ಹುಡುಗಾಟವಲ್ಲ. ನ್ಯಾಯಕ್ಕೆಂದು ಹಾಸಿದ ಮೇಲೆ ಅದು ಬರೀ ಕಂಬಳಿಯಲ್ಲ, ಗದ್ದಿಗೆ. ಅದನ್ನು ತುಳಿಯಬಾರದು, ದಾಟಬಾರದು. ಅದರ ಮೇಲೆ ಕೂತು ಸುಳ್ಳು ಹೇಳಬಾರದು. ನ್ಯಾಯ ಮುಗಿಯುವ ತನಕ ಎತ್ತಬಾರದು, ಹಾಸಿದವರು ಬಿಟ್ಟು ಹೋಗಬಾರದು. ಇದೆಲ್ಲ ಪಾಪ ಆ ಮ್ಯಾನೇಜರಿಗೆ ಹೇಗೆ ಗೊತ್ತಿರಬೇಕು? ಅವನು ಬಗ್ಗಿ ಕಂಬಳಿಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, "ಚೆನ್ನಾಗಿದೆಯಮ್ಮ. ಎಷ್ಟು ಹೇಳ್ತೀರಿ?" ಎಂದ.

ಅತ್ತೆ ಅವನ ಕೈ ತಳ್ಳಿ ಅಂಚನ್ನು ನೆಟ್ಟಗೆ ಮಾಡಿದಳು.

ನಮ್ಮ ಸೀಮೆಯ ಜನಕ್ಕೆ ಮಾತ್ರ ಯಾರೂ ಹೇಳಿಕೊಡಬೇಕಾಗಲಿಲ್ಲ. ಹಿಂದೆ ನಿಂತಿದ್ದವರು ಕಂಬಳಿ ಕಂಡಿದ್ದೇ ಚಪ್ಪಲಿ ಬಿಟ್ಟರು. ಒಬ್ಬರನ್ನೊಬ್ಬರು "ಸರೀರಿ, ಸರೀರಿ, ಗದ್ದಿಗೆ ಐತೆ" ಎಂದು ಹಿಂದಕ್ಕೆ ತಳ್ಳಿದರು. ಬೆಳಗಿನಿಂದ ಪೊಲೀಸರು, ಸೀಟಿ, ಮೈಕು ಯಾರಿಂದಲೂ ಹಿಂದೆ ಸರಿಯದಿದ್ದ ಆ ಜನ ಒಂದು ಕಂಬಳಿಗೆ ಸರಿಯಿತು. ನಾನು ಅವತ್ತು ಮೊದಲ ಸಲ ಹೊಟ್ಟೆ ತುಂಬ ಉಸಿರು ತೆಗೆದುಕೊಂಡೆ. ಯಾರೋ ಹೆಂಗಸು ಬಂದು ಚಿಟಿಕೆ ಭಂಡಾರದ ಅರಿಶಿನ ಹಾಕಿ ಕೈಮುಗಿದಳು. ಅದನ್ನು ಕಂಡು ಇನ್ನೊಬ್ಬಳು ಬಾಳೆಹಣ್ಣು ಇಟ್ಟಳು. ಶ್ರೀರಾಂಪುರದ ಕಡೆಯ ಅಣ್ಣತಮ್ಮಂದಿರಿಬ್ಬರು ತಮ್ಮ ಬಾವಿಯ ಜಗಳವನ್ನೂ ಇಲ್ಲೇ ಮುಗಿಸಿಬಿಡಿ ಎಂದು ಬಂದು ನಿಂತರು. ದೂರದಲ್ಲಿ ಪೇಟೆಯವನೊಬ್ಬ ಹೆಂಡತಿಯನ್ನು ಎಳೆದುಕೊಂಡು ಬಂದು, ಇಣುಕಿ ನೋಡಿ, ನನ್ನನ್ನು ಕೇಳಿದ:

"ಇದಕ್ಕೆ ಟಿಕೆಟ್ ಎಲ್ರೀ ಕೊಡ್ತಾರೆ?"

ಇಷ್ಟು ಹೊತ್ತಿಗೆ ಬೆಲ್ಟು ಸರಿಹೋಗಿ ಇಂಜಿನ್ನು ಮತ್ತೆ ಗುಡುಗಿತು. ಮ್ಯಾನೇಜರ್ ಸೀಟಿ ಊದಿ "ಮುಂದಿನವರು ಹತ್ತಿ!" ಎಂದ. ಮುಂದಿನವರು ನಾವೇ! ನಾನು ಅತ್ತೆಯ ಕೈ ಹಿಡಿದು ಎಳೆದೆ. "ಬಾ ಅತ್ತೆ, ಬಾ, ಹೊತ್ತು ಮುಳುಗುತ್ತೆ!"

ಅತ್ತೆ ಅಲ್ಲಾಡಲಿಲ್ಲ. ತೊಟ್ಟಿಲ ಕಡೆ ನೋಡಿದಳು, ಕಂಬಳಿಯ ಕಡೆ ನೋಡಿದಳು. "ಹಾಸಿಬಿಟ್ಟೆ ಕಣೇ" ಎಂದಳು. ದನಿ ಸಣ್ಣಗಾಗಿತ್ತು. "ಹೆಂಗೆ ಬಿಟ್ಟು ಬರ್ಲಿ? ಥೂ, ನನ್ನ ಸಿಟ್ಟಿಗಿಷ್ಟು ಬೆಂಕಿ ಹಾಕ!"

ತಾನು ಹಾಸಿದ ಕಂಬಳಿಯಲ್ಲಿ ತಾನೇ ಸಿಕ್ಕಿಕೊಂಡಿದ್ದಳು. ನಮ್ಮನ್ನು ಬಿಟ್ಟು ಹಿಂದಿನವರು ಹತ್ತಲಿ ಎಂದರೆ ಅವರೂ ದಾಟುವ ಹಾಗಿಲ್ಲ, ಕಂಬಳಿ ದಾರಿಗೆ ಅಡ್ಡ ಬಿದ್ದಿದೆ. ಮ್ಯಾನೇಜರ್ "ಹತ್ತಿ, ಹತ್ತಿ" ಎಂದು ಗಂಟಲು ಹರಿದುಕೊಂಡ. ಒಬ್ಬರೂ ಕಾಲೆತ್ತಲಿಲ್ಲ. ಅಷ್ಟು ಜನ ಕಾದು ನಿಂತಿರುವಾಗ ತೊಟ್ಟಿಲು ಖಾಲಿ ಖಾಲಿ ಸುತ್ತಿತು.

ಆಗ ಜನರ ನಡುವಿನಿಂದ ಕೆಂಪು ರುಮಾಲಿನ ಅಜ್ಜನೊಬ್ಬ ಬಂದ. ಭೀಮಸಮುದ್ರದ ಹತ್ತಿರದ ಹಳ್ಳಿಯವನಂತೆ, ಅವರ ಊರಲ್ಲಿ ನ್ಯಾಯ ಹೇಳುವವನಂತೆ. ಕಂಬಳಿಯನ್ನು ತುದಿಯಿಂದ ತುದಿಗೆ ಒಮ್ಮೆ ನೋಡಿ, "ಹೆಂಗಸು ಹಾಸಿದ್ದನ್ನ ನಾನು ಕಂಡಿದ್ದಿಲ್ಲ. ಇರ್ಲಿ. ಹಾಸಿದ ಮ್ಯಾಲೆ ಗದ್ದಿಗೆ ಗದ್ದಿಗೇನೆ" ಎಂದು ಒಂದು ತುದಿಗೆ ಕೂತ. ಆಮೇಲೆ ಮ್ಯಾನೇಜರಿಗೆ ಕೈ ಮಾಡಿ ಕರೆದ. "ಬರ್ರಿ ಸ್ವಾಮಿ. ಬೂಟು ಬಿಟ್ಟು ಬರ್ರಿ. ಕುಂತ್ಕಳ್ರಿ. ಇದರ ಮ್ಯಾಲೆ ಕುಂತೋರು ಇದ್ದದ್ದು ಇದ್ದಂಗೆ ಹೇಳ್ಬೇಕು. ಹೇಳಿಬಿಡ್ರಿ, ಆಮ್ಯಾಲೆ ನಿಮ್ಮ ತೊಟ್ಟಿಲಿಗೆ ಜನ ಹತ್ತುತಾರೆ."

ಮ್ಯಾನೇಜರ್ ಖಾಲಿ ತೊಟ್ಟಿಲನ್ನು ನೋಡಿದ, ಬರಿಗಾಲಲ್ಲಿ ನಿಂತ ಜನರನ್ನು ನೋಡಿದ, ಬೂಟು ಬಿಚ್ಚಿದ. ಕೂತವನೇ "ಅಮ್ಮಾ" ಎಂದು ಕಾಲು ನೀವಿಕೊಂಡ. ಬೆಳಗಿನಿಂದ ಅವನು ಕೂತದ್ದೇ ಅದು ಮೊದಲಂತೆ.

"ಎಷ್ಟು ಟಿಕೆಟ್ ಮಾರಿದ್ದಾರೋ ದೇವರಾಣೆ ನನಗೆ ಗೊತ್ತಿಲ್ಲ ಅಜ್ಜಾ. ಕಿಂಡಿಗೆ ಕೈ ಬರೋ ತನಕ ಮಾರು ಅಂತಾರೆ ನಮ್ಮ ಧಣಿ. ಪಕ್ಕದಿಂದ ಹತ್ತಿಸಿದ್ದು ನಿಜ, ಹತ್ತಿಸದಿದ್ರೆ ನಾಳೆ ಪ್ರದರ್ಶನ ನಡೆಯೋಕೆ ಬಿಡಲ್ಲ ಅವರು." ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಿದ. "ನಾಲ್ಕು ತಾಲೂಕು ಕಾಣುತ್ತೆ ಅನ್ನೋದು ಸುಳ್ಳು. ಮೇಲಿಂದ ಬಸ್ ಸ್ಟ್ಯಾಂಡು ಕಾಣುತ್ತೆ, ಹುಣಸೆಮರ ಕಾಣುತ್ತೆ. ಹೊಳಲ್ಕೆರೆ ಕಡೆ ಅಂತೂ ಏನೇನೂ ಇಲ್ಲ. ಕೋಟೆ ಗುಡ್ಡ ಅಡ್ಡ ಬರುತ್ತೆ."

ಕಂಬಳಿ ಹಾಸಿ ನಿಜ ಹೇಳು ಎಂದು ಕೂಗಾಡಿದವಳು ಅತ್ತೆ. ನಿಜ ಬಂದು ಎದುರಿಗೆ ಕೂತಾಗ ಅವಳ ಮುಖ ನೋಡಲಾಗಲಿಲ್ಲ ನನಗೆ. ನಾನೂ ಅದನ್ನೇ ಹೇಳಿದ್ದೆ, ಆದರೆ ಆ ಹೊತ್ತಿಗೆ ನನ್ನ ಮಾತು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು.

ಅಜ್ಜ ಅವಳ ಕಡೆ ತಿರುಗಿದ. "ಅವರದಾತು. ಈಗ ನೀನು ಕುಂತ್ಕಾ ತಾಯಿ. ನ್ಯಾಯ ಅಂದ ಮ್ಯಾಲೆ ಎರಡು ಕಡೆಯೋರೂ ಕುಂತು ಹೇಳ್ಬೇಕು. ಇಷ್ಟು ರಂಪ ಮಾಡಿ ಆ ತೊಟ್ಟಿಲು ಯಾಕೆ ಹತ್ತಬೇಕಿತ್ತು ನೀನು?"

ಅತ್ತೆ ಕೂತಳು. ಸೆರಗು ಸರಿಮಾಡಿಕೊಂಡಳು. "ನಮ್ಮ ಮುದುಕ ಭೀಮಸಮುದ್ರದ ಕಡೆ ಮಂದೆ ನಿಲ್ಲಿಸ್ಯಾನೆ. ಮರದ ಕೆಳಗೆ ನಿದ್ದೆ ಹೊಡೀತಾನೋ ಏನೋ, ನೋಡಾಣ ಅಂತ..." ಎಂದು ಶುರು ಮಾಡಿದವಳು ಅಲ್ಲೇ ನಿಂತಳು. ಅಂಗೈಯಲ್ಲಿ ಕಂಬಳಿಯ ಒರಟು ನೂಲನ್ನು ಸವರಿದಳು. ಅದು ಅವಳೇ ನೂತ ನೂಲು. ಅಜ್ಜ ಅವಸರ ಮಾಡಲಿಲ್ಲ.

"ಹಂಗಲ್ಲ ಯಜಮಾನ್ರೆ," ಎಂದಳು ಅತ್ತೆ. "ಮನ್ಯಾಗೆ ಬೈಯಾಕೆ ಯಾರೂ ಇಲ್ಲ."

ನಗುವ ಮಾತೇ ಅದು. ಆದರೆ ಯಾರೂ ನಗಲಿಲ್ಲ.

"ಹೋಗೋವಾಗ ಸಾಯಿ ಅಂದ್ಬಿಟ್ಟೆ. ಈ ಚಳಿಯಾಗೆ ಹರಕು ಹೊದ್ಕಂಡು ಬಯಲಾಗೆ ಮಲಗ್ತಾನೆ. ಒಂದ್ಸಲ ಕಣ್ಣಿಗೆ ಬಿದ್ರೆ ಸಾಕಿತ್ತು."

ಅಜ್ಜ ಬಹಳ ಹೊತ್ತು ಯೋಚಿಸಲಿಲ್ಲ. ಇಬ್ಬರೂ ನಿಜ ಹೇಳಿದ್ದೀರಿ, ನ್ಯಾಯ ಮುಗಿಯಿತು ಎಂದು ತಾನೇ ಎದ್ದು ಕಂಬಳಿ ಕೊಡವಿ ಮಡಿಸಿ ಅತ್ತೆಯ ಕೈಗಿಟ್ಟ. ಅತ್ತೆ ಅದನ್ನು ಮತ್ತೆ ಅವನ ಕೈಗೇ ಇಟ್ಟಳು.

"ನಿಮ್ಮೂರ ಕಡೆ ಹೋಗ್ತೀರಲ್ಲ. ಕೊಟ್ಟುಬಿಡ್ರಿ."

"ಅಲ್ಲಿ ಮೂರ್ನಾಕು ಮಂದೆ ಅವೆ ತಾಯಿ. ನಿಮ್ಮೋನು ಯಾರು ಅಂತ ತಿಳಿಯಾದು ಹೆಂಗೆ?"

"ಎಲ್ಲರಿಗಿಂತ ಹರಕು ಕಂಬಳಿ ಯಾರದೈತೋ ಅವನೇ. ಏನು ಕೇಳಿದ್ರೂ ಹೂಂ ಅಂತಾನೆ." ಅತ್ತೆಯ ದನಿ ಮತ್ತೆ ಏರಿತು. "ಚುಚ್ಚಿದ್ರೆ ಚುಚ್ಚಲಿ,‌ ಹೊದ್ಕಬೇಕಂತೆ ಅಂತ ಹೇಳ್ರಿ!"

ಅಜ್ಜ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಜೊತೆಗೆ ಬಂದಿದ್ದ ಮೊಮ್ಮಕ್ಕಳನ್ನು ಕರೆದುಕೊಂಡು ಹೊಳಲ್ಕೆರೆ ಬಸ್ಸಿಗೆ ಹೊರಟ. ನಾನೂ "ಹೋಗಾಣ ಬಾ ಅತ್ತೆ" ಎಂದೆ. ಇನ್ನು ಹತ್ತಿ ಏನು ಮಾಡುವುದು? ಅಷ್ಟರಲ್ಲಿ ಮ್ಯಾನೇಜರ್ ಬೂಟು ಹಾಕಿಕೊಳ್ಳುವುದನ್ನೂ ಬಿಟ್ಟು ಬರಿಗಾಲಲ್ಲೇ ಬಂದು ತೊಟ್ಟಿಲಿನ ಅಡ್ಡಪಟ್ಟಿ ತೆಗೆದು ನಿಂತ. ಅತ್ತೆ ಅವನ ಮುಖ ನೋಡಿದಳು, ಹತ್ತಿ ಕೂತಳು. ಪಕ್ಕದಲ್ಲಿ ನಾನು, ಜೀವ ಕೈಯಲ್ಲಿ ಹಿಡಿದು.

ಮೇಲೆ ಹೋದೆವು. ಮ್ಯಾನೇಜರ್ ಹೇಳಿದ್ದು ಅಕ್ಷರಶಃ ನಿಜ. ಬಸ್ ಸ್ಟ್ಯಾಂಡು, ಹುಣಸೆಮರ, ಪಡುವಣ ದಿಕ್ಕಿಗೆ ಕೋಟೆಯ ಗುಡ್ಡ. ಸೂರ್ಯ ಗುಡ್ಡದ ಹಿಂದೆ ಇಳಿಯುತ್ತಿದ್ದ. ಆ ಗುಡ್ಡದ ಆಚೆ ಎಲ್ಲೋ ಹೊಳಲ್ಕೆರೆ, ಎಲ್ಲೋ ಭೀಮಸಮುದ್ರ, ಎಲ್ಲೋ ಮಾವ. ಅತ್ತೆ ಅತ್ತ ಮುಖ ಮಾಡಿ ಕಬ್ಬಿಣದ ಪಟ್ಟಿ ಹಿಡಿದು ಎದ್ದೇ ನಿಂತುಬಿಟ್ಟಳು.

"ಏ ಮುದುಕಾ! ಕಂಬಳಿ ಕಳ್ಸೀನಿ, ಹೊದ್ಕಂಡು ಮಲಗು! ಹೊತ್ತಿಗೆ ಸರಿಯಾಗಿ ಉಣ್ಣು! ಕೇಳ್ತಾ ಏನೋ? ಹೂಂ ಅನ್ನು!"

ತೊಟ್ಟಿಲು ಸುತ್ತಿದಷ್ಟೂ ಹೊತ್ತು ಬೈದಳು. ಮೇಲೆ ಬಂದಾಗಲೆಲ್ಲ ಜೋರಾಗಿ, ಕೆಳಗೆ ಇಳಿದಾಗ ಮೆಲ್ಲಗೆ. ಎಷ್ಟೋ ದಿನಗಳಿಂದ ಊರವರಿಗೆಲ್ಲ ಹಂಚಿಹೋಗುತ್ತಿದ್ದ ಬೈಗುಳ ಅವತ್ತು ಸೇರಬೇಕಾದ ದಿಕ್ಕಿಗೆ ಹೋಯಿತು.

ಇಳಿದಾಗ ಮ್ಯಾನೇಜರ್ ಕೈಕೊಟ್ಟು ಇಳಿಸಿಕೊಂಡು, ಸಂಕೋಚದಿಂದಲೇ ಕೇಳಿದ: "ಏನಾದ್ರೂ ಕಂಡಿತೇನಮ್ಮ?"

ಕಂಬಳಿ ಆಗಲೇ ಹೊಳಲ್ಕೆರೆ ಬಸ್ಸು ಹತ್ತಿತ್ತು. ಈಗ ಅತ್ತೆ ನಿಂತದ್ದು ಗದ್ದಿಗೆಯ ಮೇಲಲ್ಲ, ಬರೀ ನೆಲದ ಮೇಲೆ.

"ಕಾಣ್ದೆ ಏನು? ಕಂಡ," ಎಂದಳು. "ಸೊರಗ್ಯಾನೆ."

ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, ಹಿರಿಯೂರು ಬಸ್ಸಿನ ಕಡೆಗೆ ನನ್ನ ಮುಂದೆ ಮುಂದೆ ನಡೆದಳು.